ಹಾಳೆಯ ಹಿಂಬದಿ

25 ಜುಲೈ 2025, ಶುಕ್ರವಾರ
ಸುಂಟಿಕೊಪ್ಪ, ಕೊಡಗು

ಹತ್ತು ಗಂಟೆ ಸುಮಾರಿಗೆ ಒಂದು ರೆಸಾರ್ಟಿನ ಪರ್ಚೇಸ್‌ನವರಿಂದ ಫೋನ್ ಬಂತು. ಹೆಸರು ಬೇಡ. ತಿಂಗಳಿಗೆ 60 ಕೆಜಿ ಕಾಫಿ ಪುಡಿ, ಚಿಕೋರಿ ಇಲ್ಲದ್ದು, ಕೆಜಿಗೆ 560 ರೂಪಾಯಿ, ದುಡ್ಡು 90 ದಿನಕ್ಕೆ. "ರೆಗ್ಯುಲರ್ ಆರ್ಡರ್ ಮೇಡಂ, ಬಿಡಬೇಡಿ" ಅಂದರು. ಹೆದ್ದಾರಿಯಲ್ಲಿ ಟೂರಿಸ್ಟ್ ಕಾರುಗಳೇ ಕಾಣದ ಈ ಕಕ್ಕಡ ಮಾಸದ ಮಳೆಯಲ್ಲಿ ಇಂಥ ಫೋನ್ ಬಂದರೆ ಯಾರಿಗಾದರೂ ಆಸೆಯಾಗುತ್ತದೆ. ಇವರಿಗಂತೂ, ನಮ್ಮ ಯಜಮಾನರಿಗೆ, ಆಗಿಯೇ ಹೋಯಿತು. ಪಕ್ಕದಲ್ಲಿ ನಿಂತು ಹೂಂ ಅನ್ನು, ಹೂಂ ಅನ್ನು ಅಂತ ಕೈಸನ್ನೆ.

ಸಂಜೆ ಹೇಳ್ತೇನೆ ಅಂತ ಫೋನ್ ಇಟ್ಟೆ. ಬೆಳಿಗ್ಗೆಯಿಂದ ಕರೆಂಟಿಲ್ಲ, ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಹುರಿಯುವ ಡ್ರಮ್ಮೂ ಇಲ್ಲ, ಮಿಲ್ಲೂ ಇಲ್ಲ. ಲೆಕ್ಕಕ್ಕೆ ಕೂರಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಈಗ ಕೈಯಲ್ಲಿರುವ ರೊಬಸ್ಟಾ ಬೀಜ ನನಗೆ ಕೆಜಿಗೆ 400ರಂತೆ ಬಿದ್ದಿದೆ. ಹುರಿದರೆ ನೂರಕ್ಕೆ ಹದಿನಾರು ಭಾಗ ತೂಕ ಹೋಗುತ್ತದೆ. ಕಪ್ಪಗೆ ಹುರಿದರೆ ಇನ್ನೂ ಜಾಸ್ತಿ. ಅಂದರೆ ಒಂದು ಕೆಜಿ ಬೀಜಕ್ಕೆ ಸಿಗುವುದು 840 ಗ್ರಾಂ ಪುಡಿ. ಪುಡಿಯ ಲೆಕ್ಕದಲ್ಲಿ ಬೀಜದ ಖರ್ಚೇ 476 ಆಯಿತು. ಗ್ಯಾಸು, ಕರೆಂಟು, ಪೌಚು, ಕೆಲಸದವಳ ಸಂಬಳದ ಪಾಲು ಸೇರಿ ಇನ್ನೊಂದು 60. ಒಟ್ಟು 536. ಅವರು ಕೊಡುವುದು 560. ಉಳಿಯುವುದು ಕೆಜಿಗೆ 24 ರೂಪಾಯಿ, ತಿಂಗಳಿಗೆ 1,440. ಅದಕ್ಕಾಗಿ ಮೂರು ತಿಂಗಳ ಮಾಲು, 180 ಕೆಜಿ, ಅಂದರೆ ನನ್ನ ಕೈಯಿಂದ 96,480 ರೂಪಾಯಿ ಸದಾ ಅವರ ಸ್ಟೋರಿನಲ್ಲಿ ಕೂತಿರಬೇಕು. ಇವರಿಗೆ ಲೆಕ್ಕದ ಚೀಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಸಾಗಿಸುವ ಪೆಟ್ರೋಲು ಇದರಲ್ಲಿ ಇಲ್ಲವಲ್ಲ" ಅಂದರು. ಆಮೇಲೆ ಕೈಸನ್ನೆ ನಿಂತಿತು.

90 ದಿನ ಅನ್ನುವುದು ಅವರ 'ಕಂಪನಿ ಪಾಲಿಸಿ'ಯಂತೆ. ಆದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವುದು) ಇರುವ ನನ್ನಂಥ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಸಣ್ಣ ಉದ್ಯಮಗಳ ಕಾಯ್ದೆ, ಇದೆ. ಬರವಣಿಗೆಯಲ್ಲಿ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ದ ಮೂರರಷ್ಟು ಬಡ್ಡಿ, ಅದೂ ಚಕ್ರಬಡ್ಡಿ. ಈಗ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ: ಅಷ್ಟರೊಳಗೆ ದುಡ್ಡು ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯುವಂತಿಲ್ಲ, ಕೊಟ್ಟ ವರ್ಷದಲ್ಲೇ ಕಳೆಯಬೇಕು. ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಆದರೂ ನಮ್ಮ ಕಡೆ ಜೇನು, ಕಾಚಂಪುಳಿ (ಅಡುಗೆಯ ಹುಳಿ), ಮನೆಯಲ್ಲೇ ಚಾಕಲೇಟು ಮಾಡಿ ಮಾರುವ ಎಷ್ಟೋ ಹೆಂಗಸರು ಇದನ್ನು ಮಾಡಿಸಿಲ್ಲ. ಕಾಯ್ದೆ ಹಿಡಿದು ರೆಸಾರ್ಟಿನ ಜೊತೆ ಜಗಳಕ್ಕೆ ಯಾರು ಹೋಗುತ್ತಾರೆ ಅನ್ನಬಹುದು. ಜಗಳಕ್ಕಲ್ಲ, ಮಾತು ಶುರು ಮಾಡುವಾಗ 90ರ ಬದಲು 45ರಿಂದ ಶುರು ಮಾಡುವುದಕ್ಕೆ.

ಇಷ್ಟೆಲ್ಲ ಲೆಕ್ಕ ಹಾಕುವ ಮೊದಲೇ ಉತ್ತರ ಗೊತ್ತಿತ್ತು ಅನ್ನುವುದು ಬೇರೆ ಮಾತು. ಬೀರುವಿನ ಬಾಗಿಲ ಒಳಗಡೆ ಅಂಟಿಸಿರುವ ಹಾಳೆಯಲ್ಲಿ ಅದು ಏಪ್ರಿಲ್‌ನಿಂದಲೇ ಇದೆ: 'ಹೊರಗಿನ ಬಾಕಿ ಯಾವ ಕಾಲಕ್ಕೂ 40,000 ದಾಟಬಾರದು.'

ನನಗೆ ಎರಡು ಪ್ಲಾನ್ ಇವೆ. ಒಂದು, ಸಾಲಕ್ಕೆಂದು ಆಡಿಟರ್ ಮಾಡಿಕೊಟ್ಟ ಪ್ರಾಜೆಕ್ಟ್ ರಿಪೋರ್ಟ್. ದಪ್ಪ ಫೈಲು, ಬಣ್ಣದ ಗ್ರಾಫು, ಪ್ರತಿ ವರ್ಷ ವ್ಯಾಪಾರ ನೂರಕ್ಕೆ ಇಪ್ಪತ್ತು ಏರುತ್ತಲೇ ಹೋಗುತ್ತದೆ. ಕೊಡಗಿನಲ್ಲಿ ಮಳೆಗಾಲ ಅನ್ನುವುದೊಂದಿದೆ ಎಂಬ ಸುಳಿವೇ ಆ ಗ್ರಾಫಿನಲ್ಲಿಲ್ಲ. ಬ್ಯಾಂಕಿಗೆ ಅದು ಬೇಕು, ಕೊಟ್ಟೆವು, ಮುಗಿಯಿತು. ಇನ್ನೊಂದು ಈ ಹಾಳೆ. ಮುಂಬದಿಯಲ್ಲಿ ಮಾರುವುದು ಎರಡೇ ಬಗೆ, ಶುದ್ಧ ಪುಡಿ ಮತ್ತು 80:20 (ಕಾಫಿ 80, ಚಿಕೋರಿ 20). ಯಾರಿಗೆ: ಹೋಂಸ್ಟೇಗಳು, ಊರಿನ ಎರಡು ಹೋಟೆಲು, ಅಂಗಡಿಗೆ ಬಂದವರು. ಶುದ್ಧ ಪುಡಿ ಕೆಜಿಗೆ 700, ಹತ್ತು ಕೆಜಿ ಮೇಲೆ ತೆಗೆದುಕೊಂಡರೆ 640, ಅದಕ್ಕಿಂತ ಕೆಳಗಿಲ್ಲ. ತಿಂಗಳು ತಿಂಗಳಿಗೆ ಎಷ್ಟು ಕೆಜಿ ಹೋಗಬಹುದು: ಏಪ್ರಿಲ್, ಮೇ, ಅಕ್ಟೋಬರ್, ಡಿಸೆಂಬರಿಗೆ ದೊಡ್ಡ ಅಂಕಿ, ಜುಲೈ ಆಗಸ್ಟಿಗೆ ಸಣ್ಣದು. ಜುಲೈಗೆ 60 ಅಂತ ಬರೆದಿದ್ದೆ, ಇವತ್ತಿಗೆ 47 ಆಗಿದೆ. ಹೋದ ವರ್ಷ ಇದೇ ಹೊತ್ತಿಗೆ ಇಷ್ಟೇ ಮಾರಾಟಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ಬರುತ್ತದೆ, ಅಂಕಿ ಮೊದಲೇ ಬರೆದಿಟ್ಟದ್ದಕ್ಕೆ.

ಆ ಹಾಳೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು 'ಜನವರಿ ದುಡ್ಡು'. ರೊಬಸ್ಟಾ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಚೆರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಕಣದಲ್ಲಿ ಒಣಗಿ ಮೂಟೆಯಾಗುವ ಹೊತ್ತಿಗೆ ನನ್ನ ಬೇರೆ ಖಾತೆಯಲ್ಲಿ ಎರಡೂವರೆ ಲಕ್ಷ ಇರಲೇಬೇಕು. ಸಣ್ಣ ಬೆಳೆಗಾರರಿಗೆ ಆಗ ಕೊಯ್ಲಿನವರ ಕೂಲಿ ಕೊಡಲು ನಗದು ಬೇಕಾಗಿರುತ್ತದೆ. ದುಡ್ಡು ಹಿಡಿದು ಹೋದವರಿಗೆ ಬೀಜ ಆರಿಸುವ ಹಕ್ಕಿರುತ್ತದೆ, ಸಾಲ ಹೇಳಿ ಹೋದವರಿಗೆ ಉಳಿದದ್ದು. 50 ಕೆಜಿ ಚೆರಿ ಮೂಟೆಯಿಂದ ಕೆಲವರದ್ದು 28 ಕೆಜಿ ಬೀಜ ಬರುತ್ತದೆ, ಕೆಲವರದ್ದು 26 ಬಂದರೆ ಹೆಚ್ಚು. ಔಟ್‌ಟರ್ನಿನ ಆ ಎರಡು ಕೆಜಿಯಲ್ಲಿ ನನ್ನ ವರ್ಷದ ಲಾಭ ಇರುತ್ತದೆ. ಅದೂ ಅಲ್ಲದೆ ಬೆಲೆ ಯಾರ ಮಾತೂ ಕೇಳುವುದಿಲ್ಲ. 2020ರ ಸುಮಾರಿಗೆ ನಾಲ್ಕು ಸಾವಿರ ಮುಟ್ಟಲು ಒದ್ದಾಡುತ್ತಿದ್ದ ರೊಬಸ್ಟಾ ಚೆರಿ ಮೂಟೆ, ವಿಯೆಟ್ನಾಂನಲ್ಲಿ ಬರ ಬಂದು ಬೆಳೆ ಕಡಿಮೆಯಾದ ಮೇಲೆ 2024ರಲ್ಲಿ 10,000 ದಾಟಿತು. ಅಲ್ಲಿ ಮಳೆ ಬರದಿದ್ದರೆ ಇಲ್ಲಿ ನನ್ನ ಪೌಚಿನ ಲೆಕ್ಕ ತಲೆಕೆಳಗಾಗುತ್ತದೆ. ಹೀಗಿರುವಾಗ ಜನವರಿ ದುಡ್ಡನ್ನು ರೆಸಾರ್ಟಿನ ಸ್ಟೋರಿನಲ್ಲಿ ಇಡುವುದು ಹೇಗೆ?

ಮಧ್ಯಾಹ್ನ ಬೆಂಗಳೂರಿನಿಂದ ಮೈದುನ ಫೋನ್ ಮಾಡಿದ್ದ. ಇವರೇ ವಿಷಯ ಹೇಳಿದ್ದಾರೆ ಅಂತ ಕಾಣುತ್ತದೆ. "ಅತ್ತಿಗೆ, ಬಿಡ್ಬೇಡಿ. ಚಿಕೋರಿ ನಲವತ್ತು ಹಾಕಿ ಕೊಟ್ರೆ ವರ್ಕೌಟ್ ಆಗುತ್ತೆ."

"ಅವ್ರು ಕೇಳಿದ್ದು ಚಿಕೋರಿ ಇಲ್ಲದ್ದು ಮಾರಾಯ. ನಲವತ್ತು ಹಾಕಿದ್ರೆ ಪ್ಯಾಕೆಟಿನ ಮೇಲೆ ಬರೀಬೇಕು."

ಕಾನೂನಿನ ಪ್ರಕಾರ ನೂರಕ್ಕೆ 49ರವರೆಗೆ ಹಾಕಬಹುದು, ಪ್ರಮಾಣ ಲೇಬಲಿನ ಮೇಲೆ ಕಾಣಬೇಕು ಅಷ್ಟೆ. ಹಾಕುವವರು ಹಾಕಲಿ. ಆದರೆ ಕಾಫಿ ತೋಟದ ನಡುವೆ ಕೂತು ಗುಜರಾತಿನ ಚಿಕೋರಿ ಅರ್ಧಕ್ಕರ್ಧ ಮಾರಲು ನನಗೆ ಮನಸ್ಸಿಲ್ಲ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಆನ್‌ಲೈನ್ ಮಾಡಿ, ಕರಿಮೆಣಸು ಸೇರಿಸಿ, ಗಿಫ್ಟ್ ಬಾಕ್ಸ್ ಮಾಡಿ, ಡ್ರಿಪ್ ಬ್ಯಾಗ್ ಮಾಡಿ. ಹುಡುಗ ಬುದ್ಧಿವಂತ, ಹೇಳಿದ್ದರಲ್ಲಿ ಒಂದೂ ಕೆಟ್ಟ ಐಡಿಯಾ ಅಲ್ಲ. ತೊಂದರೆ ಇರುವುದೂ ಅದರಲ್ಲೇ. ಕೆಟ್ಟ ಐಡಿಯಾವನ್ನು ಬೇಡ ಅನ್ನುವುದು ಸುಲಭ.

ಹಾಳೆಯ ಹಿಂಬದಿ ಇರುವುದು ಇದಕ್ಕೆ. ಯಾರು ಏನು ಹೇಳಿದರೂ ತಾರೀಕು ಹಾಕಿ ಪೆನ್ಸಿಲ್‌ನಲ್ಲಿ ಹಿಂದೆ ಬರೆಯುತ್ತೇನೆ. ಮೂರು ತಿಂಗಳಿಗೊಮ್ಮೆ, ಒಂದನೇ ತಾರೀಕು, ಹಾಳೆ ಕಿತ್ತು ಮಗುಚಿ ನೋಡುವುದು. ನಡುವೆ ಮುಂಬದಿಗೆ ಕೈ ಹಾಕುವಂತಿಲ್ಲ. ಜುಲೈ ಒಂದಕ್ಕೆ ನೋಡಿದಾಗ ಹಿಂದೆ ಬರೆದದ್ದರಲ್ಲಿ ಹೆಚ್ಚಿನವು ನನಗೇ ನಗು ತರಿಸಿದವು (ಏಪ್ರಿಲ್ ಸೆಕೆಯಲ್ಲಿ ಯಾರೋ ಕೋಲ್ಡ್ ಕಾಫಿ ಗಾಡಿ ಇಡಿ ಅಂದಿದ್ದರು, ಬರೆದಿದ್ದೆ). ಒಂದು ಮಾತ್ರ ಉಳಿಯಿತು: ಹೋಂಸ್ಟೇಯವರಿಗೆ 100 ಗ್ರಾಂ ಪೌಚು, ಅತಿಥಿಗಳು ಹೊರಡುವಾಗ ಕೊಂಡುಹೋಗುವುದಕ್ಕೆ. ಅದು ಮುಂಬದಿಗೆ ಬಂತು, ಪೌಚಿಗೆ ಆರ್ಡರ್ ಹೋಗಿದೆ. ಮಡಿಕೇರಿ ದಸರಾದ ಮೊದಲು ಅಂಗಡಿಗೆ ಬರಬೇಕು. ಮೈದುನನದ್ದೆಲ್ಲ ಇವತ್ತು ಹಿಂಬದಿಗೆ ಹೋಯಿತು, ಡ್ರಿಪ್ ಬ್ಯಾಗಿನ ಪಕ್ಕ ಒಂದು ಚುಕ್ಕೆ ಇಟ್ಟೆ.

ಐದಕ್ಕೆ ರೆಸಾರ್ಟಿಗೆ ಫೋನ್ ಮಾಡಿದೆ. ತಿಂಗಳಿಗೆ 20 ಕೆಜಿ, 640, 45 ದಿನ, ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇರುತ್ತದೆ ಅಂದೆ. ಎರಡು ತಿಂಗಳ ಬಿಲ್ಲು ನಿಂತರೂ 25,600; ಹೋಟೆಲಿನವರ ಬಾಕಿ 12,000 ಸೇರಿದರೂ ನಲವತ್ತರ ಒಳಗೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಮಗೆ 580ರ ಮೇಲೆ ಅಪ್ರೂವಲ್ ಸಿಗಲ್ಲ ಮೇಡಂ, ಸೋಮವಾರ ನೋಡಿ ಹೇಳ್ತೀವಿ." ಹೇಳುವುದಿಲ್ಲ ಅಂತ ನನ್ನ ಅಂದಾಜು. "ಒಂದು ಸ್ಯಾಂಪಲ್ ಆದರೂ ಕಳಿಸು, ನಷ್ಟವೇನು" ಅಂದರು ಅತ್ತೆ. ಅದು ಸರಿ. ಮಂಗಳವಾರ ಕುಶಾಲನಗರಕ್ಕೆ ಬೀಜ ತರಲು ಹೋಗುವಾಗ ಕಾಲು ಕೆಜಿ ಅಲ್ಲಿ ಇಳಿಸಿ ಹೋಗುತ್ತೇನೆ, ಅದಕ್ಕೂ ಬಿಲ್ಲು ಮಾಡಿಯೇ.