ಹತ್ತು ತಿಂಗಳು ಡ್ರೈವ್‌ವೇಯಲ್ಲೇ ನಿಂತ ಬೋಟು

ಅಮೆರಿಕದಲ್ಲಿ ಬೋಟು ತಗೊಂಡೆ ಅಂದ ಕೂಡಲೇ ಊರಲ್ಲಿ ಎಲ್ಲರ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಕೈಯಲ್ಲಿ ಜ್ಯೂಸು. ಫೋಟೋ ಕಳಿಸು, ಫೋಟೋ ಕಳಿಸು ಅಂತ ಕುಟುಂಬದ ಗ್ರೂಪಿನಲ್ಲಿ ಒಂದೇ ಗಲಾಟೆ. ಕಳಿಸಿದೆ. ನಾನು ಮೂಗಿನವರೆಗೆ ಮಾಸ್ಕ್ ಕಟ್ಟಿಕೊಂಡು, ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು, ಬೋಟಿನ ಹೊಟ್ಟೆಯೊಳಗಿಂದ ಒದ್ದೆ ಕೆಸರಿನಂಥದ್ದೇನನ್ನೋ ಬಕೆಟ್ಟಿಗೆ ಬಾಚುತ್ತಿದ್ದ ಫೋಟೋ. ಆಮೇಲೆ ಗ್ರೂಪು ಎರಡು ದಿನ ತಣ್ಣಗಿತ್ತು.

ನಾನು ಗಂಗೊಳ್ಳಿಯವನು. ಪಂಚಗಂಗಾವಳಿ ಸಮುದ್ರ ಸೇರುವ ಜಾಗ, ಗೊತ್ತಲ್ವಾ. ಅಪ್ಪ ಬೋಟು ಕಟ್ಟುವ ಬಡಗಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಊರಿಗೆಲ್ಲ ಕೆಲಸ ಇಲ್ಲದ ಆ ಎರಡು ತಿಂಗಳೇ ನಮ್ಮ ಮನೆಗೆ ಸುಗ್ಗಿ. ದಡಕ್ಕೆ ಎಳೆದಿಟ್ಟ ಬೋಟುಗಳ ಹಲಗೆ ಬದಲಿಸುವುದು, ಸಂದಿಗೆ ಹತ್ತಿ ನೂಲು ತುಂಬುವುದು, ಹೊರಗಿನಿಂದ ಫೈಬರ್ ಹೊದಿಸುವುದು. ಶಾಲೆಗೆ ರಜೆ ಸಿಕ್ಕಿದಾಗೆಲ್ಲ ನನಗೆ ಉಳಿ, ಸುತ್ತಿಗೆ ಎತ್ತಿಕೊಡುವ ಕೆಲಸ. ಅದು ಬೇಡ ಅಂತಲೇ ನಾನು ಓದಿದ್ದು. ಓದಿ, ಕಂಪ್ಯೂಟರ್ ಕೆಲಸ ಹಿಡಿದು, ನ್ಯೂಜೆರ್ಸಿಗೆ ಬಂದು, 40 ದಾಟಿದ ಮೇಲೆ ನನ್ನದೇ ದುಡ್ಡು ಕೊಟ್ಟು ಅದೇ ಕೆಲಸ ಮನೆಗೆ ತಂದೆ.

2023ರ ಸೆಪ್ಟೆಂಬರ್. 1987ರ ಬೋಟು, 19 ಅಡಿ, ನಡುವೆ ನಿಂತು ಓಡಿಸುವಂಥದ್ದು, ಹಿಂದೆ 115 ಎಚ್‌ಪಿ ಎಂಜಿನ್. ಟ್ರೇಲರ್ ಸೇರಿಸಿ 4,500 ಡಾಲರ್. ಮಾರಿದವನ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ. ಬಣ್ಣ ಹೊಳೆಯುತ್ತಿತ್ತು, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಾನು ಅಲ್ಲಿಗೆ ಕರಗಿದೆ. ಹೆಂಡತಿ ಹಾಸನದ ಕಡೆಯವಳು, ಮೀನು ವಾಸನೆಗೇ ಮುಖ ತಿರುಗಿಸುತ್ತಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇದು ಯಾಕೆ ಇಷ್ಟು ಕಮ್ಮಿಗೆ ಕೊಡ್ತಿದಾನೆ?" ಒಳ್ಳೆಯ ಪ್ರಶ್ನೆ. ಆಗ ನನಗೆ ಹಾಗೆ ಅನ್ನಿಸಲಿಲ್ಲ.

ಮನೆಗೆ ತಂದು ಡ್ರೈವ್‌ವೇಯಲ್ಲಿ, ಅಂದರೆ ಮನೆ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ, ನಿಲ್ಲಿಸಿದ ಮೂರನೇ ದಿನ ಪಕ್ಕದ ಮನೆಯ ಅಜ್ಜ ನೋಡಲು ಬಂದ. ರಿಟೈರ್ ಆಗುವ ತನಕ ಬೋಟ್ ಯಾರ್ಡಿನಲ್ಲಿ ಕೆಲಸ ಮಾಡಿದವನು. ಬೋಟಿನ ಮುಖವನ್ನು ನೋಡಲೇ ಇಲ್ಲ, ಸೀದಾ ಹಿಂದೆ ಹೋದ. ಎಂಜಿನ್ನಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದ. ಎಂಜಿನ್ ಅಲುಗಿದರೆ ಸರಿ, ಅದರ ಜೊತೆ ಬೋಟಿನ ಹಿಂಬದಿ ಗೋಡೆಯೂ ಉಸಿರಾಡಿದ ಹಾಗೆ ಒಳಗೆ ಹೊರಗೆ ಆಯಿತು. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟು ಮುಚ್ಚಿಕೊಂಡಿತು. ಅಜ್ಜ ನನ್ನ ಮುಖ ನೋಡಿ ಏನೂ ಹೇಳದೆ ಬೆನ್ನು ತಟ್ಟಿ ಹೋದ.

ಇಲ್ಲಿ ಒಂದು ವಿಷಯ ಹೇಳಬೇಕು, ನನಗೂ ಗೊತ್ತಿರಲಿಲ್ಲ. ಫೈಬರ್ ಬೋಟು ಅಂದರೆ ಪೂರ್ತಿ ಫೈಬರ್ ಅಂದುಕೊಂಡಿದ್ದೆ. ಮರ ಇಲ್ಲ, ಹಾಗಾಗಿ ಹಾಳಾಗುವುದೂ ಇಲ್ಲ ಅಂತ. ಆದರೆ ಆ ಕಾಲದ ಎಷ್ಟೋ ಬೋಟುಗಳ ಒಳಗೆ ಇರುವುದು ಪ್ಲೈವುಡ್. ಎಂಜಿನ್ ನೇತಾಡುವ ಹಿಂಬದಿ ಗೋಡೆಗೆ ಟ್ರಾನ್ಸಮ್ ಅಂತಾರೆ, ಅದು ಎರಡು ಪದರ ಫೈಬರಿನ ನಡುವೆ ದಪ್ಪ ಪ್ಲೈವುಡ್. ಕೆಳಗೆ ಉದ್ದಕ್ಕೆ ಓಡುವ ತೊಲೆಗಳಿಗೆ ಸ್ಟ್ರಿಂಗರ್ ಅಂತಾರೆ, ಅವೂ ಫೈಬರ್ ಹೊದಿಸಿದ ಪ್ಲೈವುಡ್ಡೇ. ಊರಿನಲ್ಲಿ ಹೆಬ್ಬಲಸಿನ ಬೋಟು ಹಾಳಾದರೆ ಕಣ್ಣಿಗೆ ಕಾಣಿಸುತ್ತೆ, ಮೂಗಿಗೆ ಹೊಡೆಯುತ್ತೆ. ಇಲ್ಲಿ ಹೊರಗೆ ಪಿಂಗಾಣಿ ಬಟ್ಟಲಿನ ಹಾಗೆ ಹೊಳಪು, ಒಳಗೆ ಮರ ಸದ್ದಿಲ್ಲದೆ ಕೊಳೆಯುತ್ತಿರುತ್ತೆ.

ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಾಗಿತ್ತು, ಅವರು ಜಗಲಿಯಲ್ಲಿ ಕೂತು ಗಂಜಿ ಊಟ ಮಾಡುತ್ತಿದ್ದರು. ಬೋಟು ತೋರಿಸಿದೆ. ತುಂಬ ಹೊತ್ತು ನೋಡಿದರು. "ಬಣ್ಣ ಕಂಡ್ ತಕಂಡ್ಯಾ?" ಅಂದರು. ನಾನು ಉತ್ತರ ಕೊಡಲಿಲ್ಲ. "ಸುತ್ತಿಗೆ ತಕಂಡ್ ಬಡಿ. ಫೋನ್ ಹತ್ರ ಹಿಡಿ."

ಸಣ್ಣ ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ಬಡಿಯುತ್ತಾ ಹೋದೆ. ಮುಂದೆ ಟಣ್ ಟಣ್. ನಡುವೆ ಟಣ್ ಟಣ್. ಹಿಂದೆ ಹೋದಂತೆ ಸದ್ದು ಮಂಕಾಯಿತು, ಆಮೇಲೆ ಪಟ್, ಪಟ್, ಒದ್ದೆ ರಟ್ಟಿಗೆ ಬಡಿದ ಹಾಗೆ. ನನಗೆ ವ್ಯತ್ಯಾಸ ಗೊತ್ತಾಗುವ ಮೊದಲೇ ಅಪ್ಪ ಹದಿಮೂರು ಸಾವಿರ ಕಿಲೋಮೀಟರ್ ಆಚೆಯಿಂದ, ಕೈಯಲ್ಲಿ ಗಂಜಿ ಹಾಗೇ ಇಟ್ಟುಕೊಂಡು, "ಅಲ್ಲೇ ನಿಲ್. ಅದ್ ಕುಂಬ್" ಅಂದರು. ಕುಂಬು ಅಂದರೆ ನಮ್ಮ ಕಡೆ ಒಳಗಿಂದ ಕೊಳೆತು ಪುಡಿಯಾದ ಮರ. ಇನ್ನೂ ನಾಲ್ಕು ಕಡೆ ನಿಲ್ಲಿಸಿದರು. ಮಾರ್ಕರಿನಲ್ಲಿ ಗುರುತು ಹಾಕಿದೆ. ಮಾರನೇ ದಿನ ಆ ಗುರುತುಗಳಲ್ಲಿ ಒಳಗಿನಿಂದ ಡ್ರಿಲ್ ಹಾಕಿದೆ. ಒಣ ಮರವಾದರೆ ತಿಳಿ ಬಣ್ಣದ ಪುಡಿ ಬರಬೇಕು. ನನಗೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು, ಮಳೆಗಾಲದ ಹಳೇ ಕಟ್ಟಿಗೆ ರಾಶಿಯ ವಾಸನೆ. ಐದಕ್ಕೆ ಐದೂ ಕುಂಬು.

ನೀರು ಎಲ್ಲಿಂದ ಹೋಯಿತು? ಇದನ್ನು ಕೇಳಿದರೆ ಇನ್ನೂ ಹೊಟ್ಟೆ ಉರಿಯುತ್ತೆ. ಯಾರೋ ಪುಣ್ಯಾತ್ಮ ಮೀನು ಹುಡುಕುವ ಸೋನಾರ್ ಯಂತ್ರದ ಸೆನ್ಸರ್ ಕೂರಿಸಲು ಟ್ರಾನ್ಸಮ್ಮಿಗೆ ನಾಲ್ಕು ಸ್ಕ್ರೂ ಹೊಡೆದಿದ್ದ. ನೀರಿನ ಮಟ್ಟಕ್ಕಿಂತ ಕೆಳಗೆ. ಸೀಲೆಂಟ್ ಹಾಕದೆ. ಅಷ್ಟೇ. ಪ್ಲೈವುಡ್ಡಿಗೆ ಒಮ್ಮೆ ನೀರಿನ ದಾರಿ ಸಿಕ್ಕರೆ ಬತ್ತಿ ಎಣ್ಣೆ ಹೀರಿದ ಹಾಗೆ ಪದರ ಪದರವಾಗಿ ಹೀರುತ್ತೆ. ಒಳಗೆ ಸೇರಿದ ನೀರು ಹೊರಬಿಡುವ ತೂತಿನ ಬಿರಡೆಗೆ ಡ್ರೈನ್ ಪ್ಲಗ್ ಅಂತಾರೆ, ಅದರ ಹಿತ್ತಾಳೆ ಕೊಳವೆಯೂ ತುಕ್ಕು ತಿಂದಿತ್ತು, ಅದರ ಪಾಲೂ ಇತ್ತು.

ಆಮೇಲೆ ನೆಲ ಕತ್ತರಿಸಿದೆ. ನೆಲದ ಕೆಳಗೆ ಫೋಮ್. ಇಲ್ಲಿ 20 ಅಡಿಗಿಂತ ಚಿಕ್ಕ ಬೋಟು ನೀರು ತುಂಬಿದರೂ ಪೂರ್ತಿ ಮುಳುಗಬಾರದು ಅಂತ ಫೆಡರಲ್ ನಿಯಮ ಇದೆ, ಅದಕ್ಕೆ ಫೋಮ್ ತುಂಬಿರುತ್ತಾರೆ. ತೇಲಿಸಬೇಕಾದ ಆ ಫೋಮೇ ನೀರು ಕುಡಿದು ಸಿಮೆಂಟ್ ಚೀಲದ ಹಾಗೆ ಕೂತಿತ್ತು. ಸಲಿಕೆಯಲ್ಲಿ ಅಗೆದೆ. 31 ಕಸದ ಚೀಲ. ಒಂದೊಂದು ಚೀಲ ಎತ್ತುವಾಗಲೂ ಸೊಂಟ ನನ್ನ ವಯಸ್ಸು ಹೇಳುತ್ತಿತ್ತು. ಎರಡು ಸ್ಟ್ರಿಂಗರಿನ ಹಿಂದಿನ ಅರ್ಧ ಹೋಗಿತ್ತು, ಫೈಬರ್ ಚಿಪ್ಪು ಸೀಳಿ ಕೈ ಹಾಕಿದರೆ ಮರ ಹಿಂಡಿದ ಕಾಯಿತುರಿಯ ಹಾಗೆ ಮುಷ್ಟಿಗೆ ಬರುತ್ತಿತ್ತು.

ಈ ಹಂತದಲ್ಲಿ ಬುದ್ಧಿ ಇರುವವರು ಬೋಟನ್ನು ಗುಜರಿಗೆ ಹಾಕುತ್ತಾರೆ. ಯಾರ್ಡಿನಲ್ಲಿ ವಿಚಾರಿಸಿದೆ, ರಿಪೇರಿಗೆ ಕೇಳಿದ ದುಡ್ಡು ಬೋಟಿನ ಬೆಲೆಯ ಮೂರು ಪಟ್ಟು. ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ದಿನಾ ರಾತ್ರಿ ಒಂಬತ್ತೂವರೆಗೆ ಅಪ್ಪನ ಫೋನು ಬರಲು ಶುರುವಾಗಿತ್ತು. ಮೊದಲೆಲ್ಲ ನಾನೇ ಮಾಡಬೇಕಿತ್ತು, ಮಾಡಿದರೂ "ಊಟ ಆಯ್ತಾ, ಅಲ್ ಚಳಿಯಾ" ಅಂತ ಎರಡು ನಿಮಿಷ. ಈಗ ಅವರೇ ಫೋನ್ ಮಾಡಿ ಮುಕ್ಕಾಲು ಗಂಟೆ ಟ್ರಾನ್ಸಮ್ ನೋಡುತ್ತಾರೆ. ಇದನ್ನು ಯಾವ ಲೆಕ್ಕದಲ್ಲಿ ಹಾಕಲಿ ಹೇಳಿ.

ಟ್ರಾನ್ಸಮ್ ಹೊರಗಿನಿಂದ ಕತ್ತರಿಸುವುದು ಸುಲಭ. ಆದರೆ ಹಿಂಬದಿಯ ಬಲ ಮೇಲ್ಮೂಲೆಯಲ್ಲಿ 12 ಅಕ್ಷರದ ಗುರುತಿನ ನಂಬರ್ ಕೊರೆದಿರುತ್ತೆ, 1972ರ ನವೆಂಬರ್‌ನಿಂದ ಇಲ್ಲಿ ತಯಾರಾದ ಎಲ್ಲ ಬೋಟಿಗೂ ಅದು ಕಡ್ಡಾಯ. ಅದನ್ನು ಹಾಳು ಮಾಡಿದರೆ ರಿಜಿಸ್ಟ್ರೇಷನ್ ತಲೆನೋವು. ಹಾಗಾಗಿ ಒಳಗಿನ ಪದರ ಮಾತ್ರ ಕತ್ತರಿಸಿ, ಉಳಿಯಲ್ಲಿ ಕುಂಬು ಕೆರೆದು ತೆಗೆದೆ. ಹೊರಗಿನ ಚರ್ಮ ಒಂದೇ ಉಳಿದಾಗ ಹಗಲು ಬೆಳಕು ಅದರೊಳಗಿಂದ ಹಳದಿಯಾಗಿ ಕಾಣುತ್ತಿತ್ತು. ಇಷ್ಟು ತೆಳು ಚರ್ಮಕ್ಕೆ ಸುಮಾರು 150 ಕೇಜಿ ಎಂಜಿನ್ ನೇತುಹಾಕಿಕೊಂಡು ಮಾರಿದವನು ಸಮುದ್ರಕ್ಕೆ ಹೋಗುತ್ತಿದ್ದನಲ್ಲಪ್ಪ ಅಂತ ಆಗ ಕಾಲು ನಡುಗಿತು.

ಸ್ಟ್ರಿಂಗರ್ ಎರಡನ್ನೂ ಒಟ್ಟಿಗೆ ತೆಗೆಯಬಾರದು. ಬೆನ್ನೆಲುಬು ಇಲ್ಲದೆ ಬೋಟಿನ ತಳ ಜೋತುಬೀಳುತ್ತೆ, ಹಾಗೇ ಹೊಸ ಮರ ಕೂರಿಸಿದರೆ ಆ ಸೊಟ್ಟ ಶಾಶ್ವತ. ಇದನ್ನು ಅಪ್ಪನೂ ಹೇಳಿದರು, ಪಕ್ಕದ ಮನೆ ಅಜ್ಜನೂ ಹೇಳಿದ, ಒಬ್ಬರಿಗೊಬ್ಬರ ಭಾಷೆ ಗೊತ್ತಿಲ್ಲದೆ, ಒಂದೇ ದಿನ, ಕೈಯನ್ನು ಒಂದೇ ರೀತಿ ಬಾಗಿಸಿ ತೋರಿಸಿ. ಟ್ರೇಲರಿನ ಮೇಲೆ ಮಟ್ಟಗೋಲು ಇಟ್ಟು, ಕೆಳಗೆ ಅಲ್ಲಲ್ಲಿ ಆಧಾರ ಕೊಟ್ಟು, ಒಂದಾದ ಮೇಲೆ ಒಂದು ಮಾಡಿದೆ.

ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮುಕ್ಕಾಲು ಇಂಚಿನ ಎರಡು ಮರೈನ್ ಪ್ಲೈವುಡ್ ಅಂಟಿಸಿ ಹೊಸ ಟ್ರಾನ್ಸಮ್ ಮಾಡಿದೆ. ಮಾಮೂಲಿ ಪ್ಲೈವುಡ್ಡಿನ ಒಳಪದರದಲ್ಲಿ ಖಾಲಿ ಜಾಗ ಇರುತ್ತೆ, ನೀರಿಗೆ ಅದೇ ಗೂಡು, ಅದಕ್ಕೇ ಮರೈನ್. ಅಂಟು ಅಂದರೆ ಎಪಾಕ್ಸಿ, ಸಿಲಿಕಾ ಪುಡಿ ಹಾಕಿ ಮಂದ ಮಾಡಿದ್ದು. ಎಷ್ಟು ಮಂದ ಅಂದರೆ ಗೋಳಿಬಜೆ ಹಿಟ್ಟಿನ ಹದ, ಬೆರಳಿಂದ ಜಾರಿ ಬೀಳಬೇಕು ಆದರೆ ಹರಿಯಬಾರದು. ಮೊದಲ ಸಲ ಆಸೆಗೆ ಬಿದ್ದು ಒಂದೇ ಡಬ್ಬದಲ್ಲಿ ಜಾಸ್ತಿ ಕಲಸಿದೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತೆ, ಒಂದೇ ಕಡೆ ಗುಡ್ಡೆಯಾಗಿದ್ದರೆ ಆ ಶಾಖ ಹೊರಗೆ ಹೋಗುವುದಿಲ್ಲ. ಡಬ್ಬ ಹೊಗೆಯಾಡಿತು, ಕರಗಿತು, ನಾನು ಡ್ರೈವ್‌ವೇಗೆ ಎಸೆದೆ. ಆ ಕಲೆ ಇನ್ನೂ ಇದೆ. ಮಗಳು ಅದಕ್ಕೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು "ಅಪ್ಪನ ದ್ವೀಪ" ಅಂತ ಹೆಸರಿಟ್ಟಿದ್ದಾಳೆ.

ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಏನೂ ನಡೆಯಲಿಲ್ಲ. ನಾನು ಬಳಸಿದ ಎಪಾಕ್ಸಿಗೆ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಬೇಕು, ನನ್ನ ಡ್ರೈವ್‌ವೇಯಲ್ಲಿ ಹಿಮ. ಬಡಾವಣೆಯ ಸಂಘದಿಂದ ಒಂದು ಕಾಗದ ಮಾತ್ರ ಬಂತು, ಬೋಟು ಕಣ್ಣಿಗೆ ಕಾಣಬಾರದು ಅಂತ. ಟಾರ್ಪಾಲ್ ಹೊದಿಸಿದೆ. ಈಗ ನೀಲಿ ಟಾರ್ಪಾಲ್ ಕಣ್ಣಿಗೆ ಕಾಣುತ್ತಿತ್ತು.

ಏಪ್ರಿಲ್ ಮೇ ಪೂರ್ತಿ ಫೈಬರ್ ಹೊದಿಸುವ ಕೆಲಸ. ಹಳೇ ಫೈಬರ್ ಉಜ್ಜಿ ತೆಳು ಇಳಿಜಾರು ಮಾಡಬೇಕು, ಒಂದು ಇಂಚು ದಪ್ಪಕ್ಕೆ 12 ಇಂಚು ಇಳಿಜಾರಿನ ಲೆಕ್ಕದಲ್ಲಿ, ಇಲ್ಲದಿದ್ದರೆ ಹೊಸದು ಹಳೆಯದನ್ನು ಸರಿಯಾಗಿ ಹಿಡಿಯುವುದಿಲ್ಲ. ಆ ಪುಡಿಯ ತುರಿಕೆ ಇದೆಯಲ್ಲ, ತುರಿಕೆ ಸೊಪ್ಪನ್ನೂ ಮೀರಿಸುತ್ತೆ. ತಣ್ಣೀರಲ್ಲೇ ಸ್ನಾನ ಮಾಡಬೇಕು, ಬಿಸಿನೀರಿಗೆ ಇನ್ನೂ ಜಾಸ್ತಿ ಆಗುತ್ತೆ. ನನ್ನ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆದ ದಿನ ಮನೆಯಲ್ಲಿ ಏನಾಯಿತು ಅಂತ ಬರೆಯುವುದಿಲ್ಲ.

ಕೊನೆಗೆ ಎಂಜಿನ್ ಬೋಲ್ಟಿನ ತೂತುಗಳು. ಇಲ್ಲಿ ಮಾತ್ರ ಅವಸರ ಮಾಡಲಿಲ್ಲ. ಬೇಕಿದ್ದಕ್ಕಿಂತ ದೊಡ್ಡ ತೂತು ಕೊರೆದು, ಮಂದ ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಸರಿ ಅಳತೆಯ ತೂತು. ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ, ನೀರು ಬಂದರೂ ಎಪಾಕ್ಸಿ ಕೊಳವೆಯೊಳಗೇ ಬರಬೇಕು. ಒಂದೊಂದು ತೂತಿಗೆ ಎರಡು ದಿನ. ಸೆನ್ಸರಿಗೆ ತೂತನ್ನೇ ಹಾಕಲಿಲ್ಲ, ಒಂದು ಪ್ಲಾಸ್ಟಿಕ್ ಹಲಗೆ ಅಂಟಿಸಿ ಅದಕ್ಕೆ ಸ್ಕ್ರೂ ಮಾಡಿದೆ. ಅಪ್ಪ ಪೂರ್ತಿ ನೋಡಿ "ಇನ್ನೊಂದ್ಸಲ ಬಡಿ" ಅಂದರು. ಬಡಿದೆ. ಟಣ್. ಅವರು ಏನೂ ಹೇಳಲಿಲ್ಲ, ಪಕ್ಕದಲ್ಲಿದ್ದ ಅಮ್ಮನ ಕಡೆ ಫೋನ್ ತಿರುಗಿಸಿ "ಕೇಂಡ್ಯಾ?" ಅಂದರು.

ಒಟ್ಟು ಖರ್ಚು ಬೋಟಿನ ಬೆಲೆ ಬಿಟ್ಟು 6,200 ಡಾಲರ್. ಆ ದುಡ್ಡಿಗೆ ಇನ್ನೂ ಚೆನ್ನಾಗಿರುವ ಬೋಟು ಬರುತ್ತಿತ್ತು ಅಂತ ಯಾರೂ ನೆನಪಿಸಬೇಕಿಲ್ಲ, ಮನೆಯಲ್ಲೇ ನೆನಪಿಸುವವರಿದ್ದಾರೆ.

2024ರ ಜುಲೈ, ನ್ಯೂಜೆರ್ಸಿಯ ಬಾರ್ನೆಗಾಟ್ ಕೊಲ್ಲಿ. ಊರಲ್ಲಿ ಬೋಟುಗಳೆಲ್ಲ ದಡದಲ್ಲಿ ಇರುವ ಕಾಲ, ನಾನು ನೀರಿಗಿಳಿಸುತ್ತಿದ್ದೆ. ಡ್ರೈನ್ ಪ್ಲಗ್ ಹಾಕಿದೆಯಾ ಅಂತ ಮೂರು ಸಲ ನೋಡಿದೆ. ಕೊಲ್ಲಿ ಆಳವೇನಿಲ್ಲ, ಸರಾಸರಿ ಐದು ಅಡಿ ಅಷ್ಟೇ, ಮುಳುಗಿದರೂ ನಿಂತುಕೊಳ್ಳಬಹುದು ಅಂತ ಹೆಂಡತಿಗೆ ಧೈರ್ಯ ಹೇಳಿದೆ, ಅವಳು ದಡದಲ್ಲೇ ಉಳಿದಳು. ದೂರದಲ್ಲಿ 1859ರ ಲೈಟ್‌ಹೌಸು, ಮೇಲರ್ಧ ಕೆಂಪು, ಕೆಳಗರ್ಧ ಬಿಳಿ. ಅದನ್ನು ನೋಡುವ ಮನಸ್ಸು ನನಗೆಲ್ಲಿತ್ತು, ಅರ್ಧ ಗಂಟೆ ಬೋಟಿನ ತಳಕ್ಕೆ ಟಾರ್ಚ್ ಬಿಟ್ಟುಕೊಂಡು ಕೂತಿದ್ದೆ. ಒಂದು ಲೋಟದಷ್ಟು ನೀರಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟೆ. ಸಪ್ಪೆ. ಹಿಂದಿನ ರಾತ್ರಿಯ ಮಳೆ ನೀರು.

ಆಮೇಲೆ ಗಾಳ ಹಾಕಿದೆ. ಫ್ಲೂಕ್ ಸಿಕ್ಕಿತು, ಚಪ್ಪಟೆ ಮೀನು, ನಮ್ಮ ನಂಗ್ ಮೀನನ್ನು ನಾಲ್ಕು ಪಟ್ಟು ಹಿಗ್ಗಿಸಿದ ಹಾಗೆ, ಎರಡೂ ಕಣ್ಣು ಒಂದೇ ಕಡೆ. ಅಳೆದರೆ 16 ಇಂಚು. ಆ ವರ್ಷ ಇಲ್ಲಿ 18 ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ಬಿಡಬೇಕಿತ್ತು. ಬಿಟ್ಟೆ.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ಒಂದು ಹನಿ ಉಪ್ಪುನೀರೂ ಬಂದಿಲ್ಲ, ಎಂಜಿನ್ ಪೂರ್ತಿ ಎಳೆದರೂ ಟ್ರಾನ್ಸಮ್ ಅಲುಗಲಿಲ್ಲ ಅಂತ. ಮೀನಿನ ಫೋಟೋವನ್ನೂ ಕಳಿಸಿದೆ. ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. ಬೋಟಿನ ಸುದ್ದಿ ಎತ್ತಲೇ ಇಲ್ಲ.

"ಅಷ್ಟ್ ದೊಡ್ಡ ನಂಗ್ ಬಿಟ್ಯಾ? ನಿಂಗೆ ಮರ್ಲಾ?"