ಪಕ್ಕದ ಮನೆ ಹುಡುಗಿಗೆ 18

ಇಲ್ಲಿ ಕ್ಯಾಲಿಫೋರ್ನಿಯಾದ ಡೇಲಿ ಸಿಟೀಲಿ ನಮ್ಮ ಪಕ್ಕದ ಮನೆಯವ್ರು ಫಿಲಿಪಿನೋ, ದೊಡ್ಡ ಮಗಳಿಗೆ ಮುಂದಿನ ತಿಂಗ್ಳು 18 ತುಂಬುತ್ತೆ ಅಂತ ಮನೆ ತುಂಬಾ ಗಡಿಬಿಡಿ. ಡೆಬ್ಯೂ ಅಂತಾರೆ ಇದಕ್ಕೆ, 18 ಜನ ಗಂಡಸ್ರು ಒಬ್ಬೊಬ್ರಾಗಿ ಗುಲಾಬಿ ಕೊಟ್ಟು ಅವಳ ಜೊತೆ ಡ್ಯಾನ್ಸ್ ಮಾಡ್ತಾರೆ, 18 ಹೆಣ್ಮಕ್ಳು ಕ್ಯಾಂಡಲ್ ಹಿಡ್ಕೊಂಡು ಅವಳಿಗೆ ನಾಲ್ಕು ಒಳ್ಳೆ ಮಾತು ಹೇಳ್ತಾರೆ.

ಅವಳ ಅಮ್ಮ ನರ್ಸು, ದೊಡ್ಡಮ್ಮನೂ ನರ್ಸು. ಫಿಲಿಪೀನ್ಸ್ ಅಮೆರಿಕದ ಕೈಕೆಳಗಿದ್ದಾಗ್ಲೇ ಅಲ್ಲಿ ಅಮೆರಿಕನ್ ಮಾದರಿ ನರ್ಸಿಂಗ್ ಸ್ಕೂಲ್‌ಗಳು ಶುರುವಾಗಿದ್ವು, ಅಮೆರಿಕದ 1965ರ ಇಮಿಗ್ರೇಶನ್ ಕಾನೂನು ಬಂದ್ಮೇಲಂತೂ ಸಾವಿರಾರು ನರ್ಸುಗಳು ಇಲ್ಲಿಗೆ ಬಂದ್ರು, ದುಡಿದು ಊರಿಗೆ ದುಡ್ಡು ಕಳ್ಸಿದ್ರು, ತಮ್ಮ ತಂಗೀರನ್ನ ಓದಿಸಿದ್ರು. ಹಾಗಾಗಿ ಮಗಳೂ ನರ್ಸಿಂಗೇ ಮಾಡ್ಲಿ ಅನ್ನೋದು ಬರೀ ಹಠ ಅಲ್ಲ, ಮನೆ ನಿಂತಿರೋದೇ ಆ ಕೆಲ್ಸದ ಮೇಲೆ.

ಹುಡುಗಿಗೋ ಅನಿಮೇಶನ್ ಓದೋ ಆಸೆ. ಮೊನ್ನೆ ಗ್ಯಾರೇಜಲ್ಲಿ ಊರಿಗೆ ಕಳ್ಸೋ ಬಾಲಿಕ್‌ಬಾಯನ್ ಬಾಕ್ಸ್ ಪ್ಯಾಕ್ ಮಾಡ್ತಿದ್ಲು, ಸ್ಪ್ಯಾಮ್ ಅನ್ನೋ ಮಾಂಸದ ಡಬ್ಬಿ, ಸೋಪು, ಚಾಕ್ಲೇಟು ಒಂಚೂರೂ ಸಂದಿ ಬಿಡದಂಗೆ ತುಂಬಿ, ಮೇಲೆ ಮಾರ್ಕರಲ್ಲಿ ಅಜ್ಜಿ ಚಿತ್ರ ಬರ್ದಿದ್ಲು, ಮೂಗಿನ ತುದೀಗೆ ಜಾರಿರೋ ಕನ್ನಡಕದ ಸಮೇತ. ಆಂಟಿ, ಅಮ್ಮ ಬೈದ್ರೆ ತಡ್ಕೋತೀನಿ, ಏನೂ ಅನ್ನದೆ ನೈಟ್ ಶಿಫ್ಟಿಗೆ ಹೊರಟುಬಿಡ್ತಾರಲ್ಲ ಅದೇ ಆಗಲ್ಲ ಅಂದ್ಲು. ನಂಗೆ ತಾಯಿ ಮಗಳು ಇಬ್ರ ಮೇಲೂ ಪ್ರೀತಿ ಉಕ್ಕಿ ಬಂತು.

ಆದ್ರೂ ನಾನು ಹುಡುಗಿ ಕಡೆನೇ. ಅರ್ಜಿ ಹಾಕು, ಅಮ್ಮನ ಹತ್ರ ಮಾತಾಡೋವಾಗ ಬೇಕಿದ್ರೆ ನಾನೂ ಪಕ್ಕದಲ್ಲಿ ಕೂತಿರ್ತೀನಿ ಅಂತ ಹೇಳಿದೀನಿ.