ಮೈನಸ್ ಯಾಕೆ ಆಗುತ್ತೆ?

ಅಕ್ಕನ ಮಗನಿಗೆ ಈಗ ಸೆಕೆಂಡ್ ಪಿಯು. ಮೊನ್ನೆ ಭಾನುವಾರ ವಿದ್ಯಾನಗರದ ನಮ್ಮ ಮನೆಯಲ್ಲಿ ಅವನೂ ಅವನ ಕ್ಲಾಸಿನ ಹುಡುಗಿಯೊಬ್ಬಳೂ ಸಿಇಟಿಗೆ ಓದ್ತಾ ಕೂತಿದ್ದರು. ನಾನು ಮಂಡಕ್ಕಿ, ಮೆಣಸಿನಕಾಯಿ ತಟ್ಟೆ ಇಡೋಕೆ ಹೋದವಳು ಅಲ್ಲೇ ನಿಂತೆ.

ಲೆಕ್ಕ ಇಷ್ಟೇ. ಮೂರನ್ನು ಎಕ್ಸ್‌ನಿಂದ ಭಾಗಿಸಿದರೆ ಒಂದಕ್ಕಿಂತ ಕಡಿಮೆ ಬರಬೇಕು. ಎಕ್ಸ್ ಏನೇನಾಗಬಹುದು?

‘ಮೂರಕ್ಕಿಂತ ಜಾಸ್ತಿ. ಆಪ್ಷನ್ ಎ’ ಅಂದ ಇವನು.

‘ಎಕ್ಸ್ ಮೈನಸ್ ಆದ್ರೆ?’

‘ಮೈನಸ್ ಯಾಕೆ ಆಗುತ್ತೆ?’

ಎಷ್ಟು ಧೈರ್ಯ ನೋಡಿ! ಅವಳು ಸುಮ್ನೆ ಮೈನಸ್ ಒಂದು ಹಾಕಿ ತೋರಿಸಿದಳು. ಉತ್ತರ ಮೈನಸ್ ಮೂರು. ಒಂದಕ್ಕಿಂತ ಕಡಿಮೆಯೇ ಅಲ್ವಾ? ಅಂದರೆ ಸೊನ್ನೆಗಿಂತ ಕೆಳಗಿನ ಸಂಖ್ಯೆಗಳೆಲ್ಲ ಸರಿ, ಮೂರರ ಮೇಲಿನವೂ ಸರಿ. ಇವನು ಎರಡೂ ಕಡೆ ಎಕ್ಸ್‌ನಿಂದ ಗುಣಿಸಿದ್ದ. ಎಕ್ಸ್ ಮೈನಸ್ ಆಗಿದ್ದರೆ ‘ಕಡಿಮೆ’ ಅನ್ನೋ ಚಿಹ್ನೆ ತಿರುಗಿ ‘ಜಾಸ್ತಿ’ ಆಗಬೇಕು. ಎಕ್ಸ್ ಪ್ಲಸ್ಸೋ ಮೈನಸ್ಸೋ ಗೊತ್ತಿಲ್ಲದಾಗ ಎಕ್ಸ್ ವರ್ಗದಿಂದ ಗುಣಿಸೋದು ಸೇಫ್, ವರ್ಗ ಮೈನಸ್ ಆಗಲ್ಲ. ಇದನ್ನೂ ಅವಳೇ ಹೇಳಿದ್ದು.

ಇವನ ಟ್ಯೂಷನ್ ಮೇಷ್ಟ್ರು ‘ಬಿಡಿಸೋಕೆ ಹೋಗಬೇಡ, ನಂಬರ್ ಹಾಕಿ ನೋಡು’ ಅಂತಾರಂತೆ. ತಪ್ಪೇನಿಲ್ಲ. 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡ್. ಆದರೆ ಇವನು ಹಾಕೋದು ನಾಲ್ಕು, ಐದು, ಹತ್ತು. ಮೈನಸ್ ಒಂದು ಹಾಕಲ್ಲ, ಅರ್ಧ ಹಾಕಲ್ಲ. ಅರ್ಧದ ವರ್ಗ ಕಾಲು, ಅರ್ಧಕ್ಕಿಂತ ಸಣ್ಣದು. ಪ್ರಶ್ನೆ ಮಾಡೋರು ಕಾಯೋದೇ ಇಂಥ ಕಡೆ. ಆಪ್ಷನ್ ಎ ಇಟ್ಟಿದ್ದೇ ಇವನಂಥವರಿಗೆ. ಅಷ್ಟು ಫೀಸು ತಗೊಳ್ಳೋ ಮೇಷ್ಟ್ರು ಇದನ್ನೂ ಒಂದು ಮಾತು ಹೇಳಬಹುದಿತ್ತು.

‘ಸಿಇಟಿಲಿ ನೆಗೆಟಿವ್ ಮಾರ್ಕ್ಸ್ ಇಲ್ಲ ಬಿಡು’ ಅಂತ ನಕ್ಕ ಇವನು. ಅದು ನಿಜ. ಜೆಇಇ ಮೇನ್‌ನಲ್ಲಾಗಿದ್ದರೆ ಸರಿ ಉತ್ತರದ ನಾಲ್ಕು ಅಂಕವೂ ಇಲ್ಲ, ಮೇಲೆ ಒಂದು ಕಟ್.

ಆ ಹುಡುಗಿ ಜಗಳೂರು ಕಡೆಯವಳು. ಅಪ್ಪನದು ಮೆಕ್ಕೆಜೋಳ. ಬೀಜ, ಗೊಬ್ಬರ, ಕೂಲಿ ಕಳೆದ ಮೇಲೆ ಏನು ಉಳೀತು ಅಂತ ಲೆಕ್ಕ ಹಾಕೋ ಮನೆ. ಮಳೆ ಕೈಕೊಟ್ಟರೆ ಉಳಿಯೋದು ಸಾಲ. ಅದಕ್ಕೇ ಅವಳಿಗೆ ಮೈನಸ್ ಮೊದಲು ಹೊಳೀತಾ? ಅಥವಾ ಇವನಿಗಿಂತ ನಾಲ್ಕು ಲೆಕ್ಕ ಜಾಸ್ತಿ ಮಾಡ್ತಾಳೆ, ಅಷ್ಟೇನಾ? ನನ್ನ ತಲೆಯಂತೂ ಮೊದಲನೆಯದನ್ನೇ ಹಿಡಿದುಕೊಂಡಿದೆ.

ಯಾಕಂದರೆ ಇವನ ಮನೆ ನನಗೆ ಗೊತ್ತು. ಬುಧವಾರ ಭಾವ ಬಂದಿದ್ದರು. ಇರೋ ಬಟ್ಟೆ ಅಂಗಡಿ ಜೊತೆಗೆ ಇನ್ನೊಂದು ತೆಗೀತಾರಂತೆ, ಮನೆ ಅಡ ಇಟ್ಟು ಸಾಲ. ತಿಂಗಳಿಗೆ ಇಷ್ಟು ವ್ಯಾಪಾರ, ಇಷ್ಟು ಲಾಭ ಅಂತ ಪಟ್ಟಿ ತೋರಿಸಿದರು. ‘ಭಾವ, ಮೊದಲ ವರ್ಷ ಲಾಸ್ ಆದ್ರೆ?’ ಅಂದೆ.

‘ಲಾಸ್ ಯಾಕಾಗುತ್ತೆ?’ ಅಂದರು.

ಮಗ ಪಕ್ಕದಲ್ಲೇ ಕೂತಿದ್ದ. ನನ್ನ ಮುಖ ನೋಡಿ ನಗು ತಡೆಯೋಕಾಗದೆ ಎದ್ದು ಒಳಗೆ ಓಡಿದ. ಭಾವನಿಗೆ ಏನೂ ಗೊತ್ತಾಗಲಿಲ್ಲ, ಎರಡನೇ ಪುಟ ತೆಗೆದರು.